ಚಿತ್ರಪುಸ್ತಕದಲ್ಲಿ ಅಮ್ಮ ಬರೀ ಅಡುಗೆಮನೆಯಲ್ಲೇ ಇದ್ದರೆ, ಆ ಪುಸ್ತಕ ಇಟ್ಟುಕೊಳ್ಳಬೇಕಾ ಬೇಡ್ವಾ?

ಲೈಬ್ರರಿ ಅಕ್ಕ, ಆಲೂರು ಕಡೆ

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆ ಆಲೂರು ತಾಲ್ಲೂಕಿನ ಒಂದು ಹಳ್ಳಿಯ ಅರಿವು ಕೇಂದ್ರದಲ್ಲಿ ಮೇಲ್ವಿಚಾರಕಿ. ಮೊದಲು ಇದನ್ನೇ ಗ್ರಾಮ ಪಂಚಾಯಿತಿ ಗ್ರಂಥಾಲಯ ಅನ್ನುತ್ತಿದ್ದೆವು. ಮಕ್ಕಳಿಗೆ ಈಗಲೂ ಇದು ಲೈಬ್ರರಿನೇ, ನಾನು ಲೈಬ್ರರಿ ಅಕ್ಕ. ಸಂಜೆ ಸ್ಕೂಲು ಬಿಟ್ಟ ಮೇಲೆ ಇಪ್ಪತ್ತು ಇಪ್ಪತ್ತೈದು ಮಕ್ಕಳು ಬರುತ್ತವೆ. ಚಾಪೆ ಹಾಸಿ, ಪುಸ್ತಕ ಹರಡಿಕೊಂಡು ಕೂರುತ್ತವೆ.

ಹೋದ ತಿಂಗಳು ಒಂದು ದಿನ "ನಮ್ಮ ಮನೆ" ಅಂತ ನಾಲ್ಕು ಸಾಲು ಬರೆಯಿರಿ, ಪಕ್ಕದಲ್ಲಿ ಚಿತ್ರ ಬರೆಯಿರಿ ಅಂದೆ. ಮೂರನೇ ಕ್ಲಾಸಿನ ಒಂದು ಹುಡುಗಿ ಹೀಗೆ ಬರೆದಳು:

"ಅಮ್ಮ ಅಡುಗೆ ಮಾಡುತ್ತಾಳೆ. ಅಪ್ಪ ಕೆಲಸಕ್ಕೆ ಹೋಗುತ್ತಾರೆ. ಅಣ್ಣ ಆಟ ಆಡುತ್ತಾನೆ. ನಾನು ಅಮ್ಮನಿಗೆ ಸಹಾಯ ಮಾಡುತ್ತೇನೆ."

ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಒಂದು ಕಾಗುಣಿತ ತಪ್ಪಿಲ್ಲ. ಆದರೆ ಆ ಮಗುವಿನ ಅಮ್ಮ ನಮ್ಮ ಪಂಚಾಯಿತಿಯ ಸ್ವಚ್ಛ ವಾಹಿನಿ ಗಾಡಿ ಓಡಿಸುವವರು. ಸ್ವಸಹಾಯ ಸಂಘದ ಕಡೆಯಿಂದ ಹೋಗಿ ಡ್ರೈವಿಂಗ್ ಕಲಿತರು, ಲೈಸೆನ್ಸ್ ಮಾಡಿಸಿಕೊಂಡರು. ಬೆಳಿಗ್ಗೆ ಹೊತ್ತಾರೆ ಗಾಡಿ ತೆಗೆದರೆ ಊರೂರು ಸುತ್ತಿ, ಕಸ ಎತ್ತಿಸಿ, ಘಟಕಕ್ಕೆ ಹಾಕಿ ಬರುವಷ್ಟರಲ್ಲಿ ಮಧ್ಯಾಹ್ನ. ಇನ್ನೊಂದು ಮಾತು. ಆ ಹುಡುಗಿಗೆ ಅಣ್ಣನೇ ಇಲ್ಲ. ಇರುವುದು ಒಬ್ಬ ತಮ್ಮ, ಇನ್ನೂ ಅಂಗನವಾಡಿಗೆ ಹೋಗುತ್ತಾನೆ.

"ಅಮ್ಮ ಗಾಡಿ ಓಡಿಸ್ತಾರಲ್ವಾ ಪುಟ್ಟಿ, ಅದನ್ನ ಯಾಕೆ ಬರೀಲಿಲ್ಲ?" ಅಂತ ಕೇಳಿದೆ.

"ಅದು ಪುಸ್ತಕದಲ್ಲಿ ಇಲ್ವಲ್ಲ ಅಕ್ಕ" ಅಂದಳು.

ಆ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ರಾತ್ರಿ ಊಟಕ್ಕೆ ಕೂತಾಗಲೂ ಅದೇ. ಮಾರನೇ ದಿನ ಬೇಗ ಬಂದು ಬೀಗ ತೆಗೆದು ಆ ಪುಸ್ತಕ ಹುಡುಕಿದೆ. ಚಿಕ್ಕ ಪುಸ್ತಕ, ಬಣ್ಣಬಣ್ಣದ್ದು, ಮಕ್ಕಳು ತಿರುವಿ ತಿರುವಿ ಮೂಲೆ ಮಡಿಸಿ ಹೋಗಿವೆ. ಎಡಗಡೆ ಪುಟದಲ್ಲಿ ಅಮ್ಮ ಒಲೆ ಮುಂದೆ ನಿಂತಿದ್ದಾರೆ, ಹಸಿರು ಸೀರೆ, ನಮ್ಮ ಕಡೆಗೆ ಬೆನ್ನು. ಮುಖವನ್ನೇ ಬರೆದಿಲ್ಲ. ಬಲಗಡೆ ಪುಟದಲ್ಲಿ ಅಪ್ಪ ಬ್ಯಾಗು ಹಿಡಿದು ನಗುತ್ತಾ ಬಾಗಿಲು ದಾಟುತ್ತಿದ್ದಾರೆ. ಮುಂದಿನ ಪುಟದಲ್ಲಿ ಅಣ್ಣ ಮರದ ಮೇಲೆ, ತಂಗಿ ಮರದ ಕೆಳಗೆ. ತಂಗಿಯ ಕೈಯಲ್ಲಿ ಪೊರಕೆ.

ಈ ಪುಸ್ತಕ ನನ್ನ ಕಪಾಟಿನಲ್ಲಿ ಎಷ್ಟೋ ವರ್ಷದಿಂದ ಇದೆ. ನಾನೇ ಎಷ್ಟು ಸಲ ಓದಿ ಹೇಳಿದ್ದೇನೋ.

ಆಮೇಲೆ ಗೋಡೆ ಮೇಲಿನ ಚಾರ್ಟ್ ನೋಡಿದೆ. "ನಮಗೆ ಸಹಾಯ ಮಾಡುವವರು" ಅಂತ 16 ಚಿತ್ರ. ರೈತ, ಡಾಕ್ಟರ್, ಪೊಲೀಸ್, ಪೋಸ್ಟ್‌ಮ್ಯಾನ್, ಡ್ರೈವರ್, ದರ್ಜಿ, ಕುಂಬಾರ, ಹೀಗೆ. ಹೆಂಗಸರು ಇಬ್ಬರೇ: ಟೀಚರ್, ನರ್ಸ್. ನಮ್ಮೂರಿಗೆ ಟಪಾಲು ತರುವುದು ಒಬ್ಬ ಹುಡುಗಿ, ಸ್ಕೂಟಿಯಲ್ಲಿ ಬರುತ್ತಾಳೆ. ಬಟ್ಟೆ ಹೊಲಿಯುವವರು ಹೆಂಗಸರೇ. ಪಿಡಿಒ ಹೆಂಗಸು. ಗದ್ದೆ ನಾಟಿಗೆ ಬಗ್ಗಿ ನಿಂತವರಲ್ಲಿ ಗಂಡಸು ಎಷ್ಟು ಜನ ಇರುತ್ತಾರೆ, ನೀವೇ ಹೇಳಿ. ಹಾಸನದಲ್ಲೇ 1982ರಿಂದ ಇಸ್ರೋದ ಎಂ.ಸಿ.ಎಫ್. ಇದೆ, ಆಕಾಶದಲ್ಲಿರುವ ಉಪಗ್ರಹಗಳನ್ನು ಅಲ್ಲಿಂದಲೇ ನೋಡಿಕೊಳ್ಳುತ್ತಾರೆ. ಅಲ್ಲೂ ಹೆಣ್ಣುಮಕ್ಕಳು ಕೆಲಸ ಮಾಡುತ್ತಾರೆ. ನಮ್ಮ ಚಾರ್ಟಿನ ವಿಜ್ಞಾನಿಗೆ ಮಾತ್ರ ಬಿಳಿ ಗಡ್ಡ.

ಈಗ ನನ್ನ ಪ್ರಶ್ನೆ. ಹೊಸ ಪುಸ್ತಕ ತರುವುದಕ್ಕೆ ಸ್ವಲ್ಪ ದುಡ್ಡು ಬಂದಿದೆ, ಅದೂ ಜಾಸ್ತಿ ಏನಲ್ಲ. ಹಳೇ ಪುಸ್ತಕಗಳನ್ನು ತೆಗೆದು ಒಳಗಿಡಲಾ? ತೆಗೆದರೆ ಅರ್ಧ ಕಪಾಟು ಖಾಲಿಯಾಗುತ್ತದೆ, ಮಕ್ಕಳಿಗೆ ಓದುವುದಕ್ಕೇ ಏನೂ ಇರುವುದಿಲ್ಲ. ಇಟ್ಟುಕೊಂಡರೆ ಹೇಗೆ ಓದಿ ಹೇಳಬೇಕು? ಹೊಸದು ಆರಿಸುವಾಗ ಏನು ನೋಡಬೇಕು? ಅನುಭವ ಇರುವವರು ದಯವಿಟ್ಟು ಹೇಳಿ.

---

ಮೂಡಿಗೆರೆ ತೋಟದವನು

ಅಕ್ಕ, ನೀವು ಹೆಣ್ಣುಮಕ್ಕಳ ಕಡೆಯಿಂದ ಹೇಳಿದಿರಿ. ನಾನು ನನ್ನ ಮಗನ ವಿಷಯ ಹೇಳುತ್ತೇನೆ.

ಅವನಿಗೆ ಆರು ವರ್ಷ. ಅಕ್ಕಿ ರೊಟ್ಟಿ ತಟ್ಟುವುದು ಅಂದರೆ ಪ್ರಾಣ. ಬೆಳಿಗ್ಗೆ ನನ್ನ ಹೆಂಡತಿ ಹಿಟ್ಟು ಕಲಸಿದ್ದೇ ತಡ, ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ನಿಲ್ಲುತ್ತಿದ್ದ. ಅವನದೇ ಒಂದು ಪುಟ್ಟ ರೊಟ್ಟಿ, ಅಂಗೈ ಅಗಲದ್ದು. ಒಂದು ದಿನ ಕರೆದರೂ ಬರಲಿಲ್ಲ. "ಅದು ಹುಡುಗೀರ ಕೆಲಸ" ಅಂದ. ನಮ್ಮ ಮನೆಯಲ್ಲಿ ಯಾರೂ ಹಾಗೆ ಹೇಳಿದವರಲ್ಲ. ಬ್ಯಾಗು ತೆಗೆದು ನೋಡಿದೆ. ಅಭ್ಯಾಸ ಪುಸ್ತಕದಲ್ಲಿ ಒಂದು ಹೊಂದಿಸಿ ಬರೆಯಿರಿ. ಒಂದು ಕಡೆ ಹುಡುಗ, ಹುಡುಗಿ. ಇನ್ನೊಂದು ಕಡೆ ಬ್ಯಾಟು, ಕಾರು, ಗೊಂಬೆ, ತವಾ. ಇವನು ತವಾದಿಂದ ಹುಡುಗನಿಗೆ ಗೆರೆ ಎಳೆದಿದ್ದ. ಅದಕ್ಕೆ ಕೆಂಪು ಇಂಕಿನಲ್ಲಿ ತಪ್ಪು ಹಾಕಿದ್ದರು.

ತವಾ ಹಿಡಿಯುವುದಕ್ಕೆ ಕೈ ಇದ್ದರೆ ಸಾಕಲ್ವಾ? ಮೂಡಿಗೆರೆ, ಸಕಲೇಶಪುರ, ಹಾಸನ, ಎಲ್ಲಿ ಬೇಕಾದರೂ ಮದುವೆ ಮನೆಗೆ ಹೋಗಿ ನೋಡಿ. ಒಲೆ ಮುಂದೆ ನಿಂತು ಕೊಪ್ಪರಿಗೆ ತಿರುವುವವರೆಲ್ಲ ಗಂಡಸರೇ. ಹೋಟೆಲಿನಲ್ಲಿ ದೋಸೆ ಹುಯ್ಯುವವರೂ ಗಂಡಸರೇ. ದುಡ್ಡು ಕೊಟ್ಟರೆ ಅಡುಗೆ ಗಂಡಸಿನದು, ದುಡ್ಡು ಇಲ್ಲದಿದ್ದರೆ ಹೆಂಗಸಿನದು. ಇದನ್ನು ಮಗನಿಗೆ ಹೇಗೆ ಹೇಳಲಿ ಅಂತ ಗೊತ್ತಾಗದೆ, ಮರುದಿನ ನಾನೇ ಸ್ಟೂಲ್ ಪಕ್ಕ ನಿಂತು ರೊಟ್ಟಿ ತಟ್ಟಿದೆ. ನಾಲ್ಕನೇ ದಿನಕ್ಕೆ ಬಂದು ಸೇರಿಕೊಂಡ.

ಆ ಪುಸ್ತಕ ಮಾತ್ರ ಇನ್ನೂ ಬ್ಯಾಗಿನಲ್ಲೇ ಇದೆ. ವರ್ಷ ಮುಗಿಯುವವರೆಗೆ ಅದೇ ಪುಸ್ತಕ.

---

ಹೊಳೆನರಸೀಪುರದ ಓದುಗ

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮಮ್ಮ ಜೀವನವೆಲ್ಲ ಅಡುಗೆಮನೆಯಲ್ಲೇ ಕಳೆದರು. ನಾವು ಐದು ಜನ ಮಕ್ಕಳು. ಸೌದೆ ಒಲೆ ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತಾ ರಾಗಿ ಮುದ್ದೆ ತೊಳಸಿ ನಮ್ಮನ್ನು ಸಾಕಿದರು. ಪುಸ್ತಕದಲ್ಲಿ ಒಲೆ ಮುಂದೆ ಅಮ್ಮ ಕಂಡರೆ ನನಗೆ ಅವಮಾನ ಅನ್ನಿಸುವುದಿಲ್ಲ, ನಮ್ಮಮ್ಮ ಕಾಣುತ್ತಾರೆ. ಅಡುಗೆ ಮಾಡುವ ಅಮ್ಮನನ್ನು ಪುಸ್ತಕದಿಂದ ತೆಗೆದುಹಾಕಿದರೆ, ಅಡುಗೆ ಕೀಳು ಕೆಲಸ ಅಂತ ನಾವೇ ಮಕ್ಕಳಿಗೆ ಹೇಳಿಕೊಟ್ಟ ಹಾಗೆ ಆಗಲ್ವಾ? ಈಗಲೂ ನೂರಕ್ಕೆ ತೊಂಬತ್ತು ಮನೆಯಲ್ಲಿ ಅಡುಗೆ ಮಾಡುವುದು ಅಮ್ಮನೇ. ಇರುವುದನ್ನು ತಾನೇ ಪುಸ್ತಕದಲ್ಲಿ ಬರೆಯುವುದು.

---

ಲೈಬ್ರರಿ ಅಕ್ಕ, ಆಲೂರು ಕಡೆ

ಅಣ್ಣ, ಬೇಜಾರಿಲ್ಲ. ನಿಮ್ಮ ಮಾತು ಓದಿ ನನಗೂ ನಮ್ಮಮ್ಮನ ನೆನಪಾಯಿತು. ಅಮ್ಮನನ್ನು ತೆಗೆಯಬೇಕು ಅಂತ ನಾನು ಹೇಳುತ್ತಿಲ್ಲ. ಒಲೆ ಮುಂದೆ ಅವರನ್ನು ಒಬ್ಬರನ್ನೇ ಬಿಡಬೇಡಿ ಅನ್ನುತ್ತಿದ್ದೇನೆ. ಅವರ ಮುಖವನ್ನಾದರೂ ಬರೆಯಿರಿ ಅನ್ನುತ್ತಿದ್ದೇನೆ.

ಕೇರಳದಲ್ಲಿ 2024ರಲ್ಲಿ ಬಂದ ಮೂರನೇ ತರಗತಿ ಪಠ್ಯಪುಸ್ತಕದಲ್ಲಿ ಅಪ್ಪ ನೆಲದ ಮೇಲೆ ಕೂತು ತೆಂಗಿನಕಾಯಿ ತುರಿಯುವ ಚಿತ್ರ ಇದೆ. ಅದೇ ಅಡುಗೆಮನೆಯಲ್ಲಿ ಅಮ್ಮನೂ ಇದ್ದಾರೆ. ಮಹಾರಾಷ್ಟ್ರದಲ್ಲೂ 2019ರಲ್ಲಿ ಎರಡನೇ ತರಗತಿ ಪುಸ್ತಕದಲ್ಲಿ ಅಪ್ಪ ಅಮ್ಮ ಇಬ್ಬರೂ ಸೊಪ್ಪು ತರಕಾರಿ ಸೋಸುವ ಚಿತ್ರ ಹಾಕಿದರು. ಅಡುಗೆಗೆ ಗೌರವ ಹೆಚ್ಚಾಗುವುದು ಹಾಗಲ್ವಾ? ಒಳ್ಳೆ ಕೆಲಸ ಅಂದಮೇಲೆ ಎಲ್ಲರೂ ಮಾಡಲಿ.

"ಇರುವುದನ್ನು ಬರೆಯುತ್ತಾರೆ" ಅಂದಿರಿ. ನಮ್ಮ ಹುಡುಗಿಯ ಮನೆಯಲ್ಲಿ ಇರುವುದು ಗಾಡಿ ಓಡಿಸುವ ಅಮ್ಮ. ಅವರೂ ಇರುವವರೇ. ಅವರನ್ನು ಯಾರೂ ಬರೆಯಲಿಲ್ಲ, ಕೊನೆಗೆ ಮಗಳೂ ಬರೆಯಲಿಲ್ಲ. ನನಗೆ ನೋವಾಗಿದ್ದು ಅದಕ್ಕೆ.

---

ನಿವೃತ್ತ ಮೇಷ್ಟ್ರು, ಅರಸೀಕೆರೆ

ತಾಯಿ, ಆ ಮಗು ಬರೆದ ನಾಲ್ಕು ಸಾಲನ್ನು ಇನ್ನೊಂದು ಸಲ ಓದಿ ನೋಡಿ. ಅಮ್ಮ "ಮಾಡುತ್ತಾಳೆ", ಅಪ್ಪ "ಹೋಗುತ್ತಾರೆ". ಚಿತ್ರಕ್ಕಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಈ "ಳೆ" ಮತ್ತು "ರೆ".

ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಹೆಚ್ಚಿನ ಪುಸ್ತಕಗಳಲ್ಲಿ ಹೀಗೇ. ಅಜ್ಜಿ ಕಥೆ ಹೇಳುತ್ತಾಳೆ, ಅಜ್ಜ ತೋಟಕ್ಕೆ ಹೋಗುತ್ತಾರೆ. ಅಮ್ಮನನ್ನು ಏಕವಚನದಲ್ಲಿ ಕರೆಯುವುದು ಸಲಿಗೆ, ಪ್ರೀತಿ ಅಂತ ಹೇಳುತ್ತಾರೆ. ನಿಜ, ನಾನೂ ನಮ್ಮವ್ವನನ್ನು ನೀನು ಅಂತಲೇ ಕರೆದವನು. ಹಾಗಾದರೆ ಆ ಸಲಿಗೆ ಅಪ್ಪನಿಗೂ ಸಿಗಲಿ, "ಅಪ್ಪ ಹೋಗುತ್ತಾನೆ" ಅಂತ ಬರೆಯಲಿ. ಇಲ್ಲ, ಮರ್ಯಾದೆ ಬೇಕು ಅಂದರೆ ಇಬ್ಬರಿಗೂ ಬೇಕು. ಒಂದೇ ಪುಟದಲ್ಲಿ ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಆದರೆ ಮಗು ಬೇಗ ಕಲಿಯುತ್ತದೆ. ಯಾರೂ ಬಾಯಿಬಿಟ್ಟು ಹೇಳಿಕೊಡಬೇಕಾಗಿಲ್ಲ.

ನಾನು ಮಾಡುತ್ತಿದ್ದುದು ಇಷ್ಟು. ಗಟ್ಟಿಯಾಗಿ ಓದುವಾಗ ಎಲ್ಲರಿಗೂ "ರು" ಹಚ್ಚುತ್ತಿದ್ದೆ. ಅಮ್ಮ ಮಾಡುತ್ತಾರೆ, ಅಜ್ಜಿ ಹೇಳುತ್ತಾರೆ. ನಮ್ಮ ಕನ್ನಡದಲ್ಲಿ ಒಂದು ಅನುಕೂಲ ಇದೆ. "ರೈತರು ಬಂದರು", "ವೈದ್ಯರು ಬಂದರು" ಅಂದರೆ ಬಂದವರು ಗಂಡಸೋ ಹೆಂಗಸೋ ಗೊತ್ತಾಗುವುದಿಲ್ಲ. ಚಿತ್ರ ತೋರಿಸುವ ಮುಂಚೆ ಬರೀ ಸಾಲು ಓದಿ, "ಬಂದವರು ಹೇಗಿದ್ದಾರೆ, ಬರೆಯಿರಿ" ಅನ್ನುತ್ತಿದ್ದೆ. ಮೊದಮೊದಲು ಎಲ್ಲವೂ ಮೀಸೆಯ ವೈದ್ಯರೇ. ಆಸ್ಪತ್ರೆಗೆ ಹೋಗಿ ಲೇಡಿ ಡಾಕ್ಟರ್ ಹತ್ತಿರ ಸೂಜಿ ಹಾಕಿಸಿಕೊಂಡು ಬಂದ ಮಗುವೂ ಮೀಸೆಯನ್ನೇ ಬರೆಯುತ್ತಿತ್ತು.

ಇದು ನಮ್ಮಲ್ಲಿ ಮಾತ್ರ ಅಲ್ಲ. 1983ರಲ್ಲಿ ಡೇವಿಡ್ ಚೇಂಬರ್ಸ್ ಅನ್ನುವವರು ಹೊರದೇಶದಲ್ಲಿ 4807 ಮಕ್ಕಳು ಬರೆದ ವಿಜ್ಞಾನಿ ಚಿತ್ರಗಳ ಲೆಕ್ಕ ಕೊಟ್ಟರು. ಅಷ್ಟರಲ್ಲಿ ಹೆಣ್ಣು ವಿಜ್ಞಾನಿ 28. ಆ 28ನ್ನೂ ಬರೆದವರು ಹುಡುಗಿಯರೇ, ಒಬ್ಬ ಹುಡುಗನೂ ಬರೆದಿಲ್ಲ. ಅದಕ್ಕೂ ಮುಂಚೆ 1972ರಲ್ಲಿ ಲೆನೋರ್ ವೈಟ್ಜ್‌ಮನ್ ಮತ್ತು ಅವರ ಸಂಗಡಿಗರು ಅಮೆರಿಕದ ಕಾಲ್ಡೆಕಾಟ್ ಪ್ರಶಸ್ತಿ ಪಡೆದ ಚಿತ್ರಪುಸ್ತಕಗಳಲ್ಲಿ ಎಣಿಸಿದ್ದರು: ಗಂಡಿನ ಚಿತ್ರ 261, ಹೆಣ್ಣಿನ ಚಿತ್ರ 23. ನಮ್ಮ ದೇಶದ 1986ರ ಶಿಕ್ಷಣ ನೀತಿಯಲ್ಲೇ ಹೆಣ್ಣುಮಕ್ಕಳ ಸಮಾನತೆಗಾಗಿ ಪಠ್ಯಪುಸ್ತಕಗಳನ್ನು ಹೊಸದಾಗಿ ರೂಪಿಸಬೇಕು ಅನ್ನುವ ಮಾತಿದೆ. ಆಮೇಲೆ ಎಷ್ಟೋ ಪಠ್ಯಪುಸ್ತಕ ತಿದ್ದಿದ್ದಾರೆ. ಅಂಗಡಿಯಲ್ಲಿ ಸಿಗುವ ಚಾರ್ಟು, ಬಣ್ಣದ ಪುಸ್ತಕ, ಅಭ್ಯಾಸ ಪುಸ್ತಕ ಮಾತ್ರ ಯಾರೂ ತಿದ್ದುವುದಿಲ್ಲ. ಮೂಡಿಗೆರೆಯವರ ಮಗನ ಕೈಗೆ ಸಿಕ್ಕಿದ್ದೂ ಅಂಥದ್ದೇ ಇರಬೇಕು.

ಹಳೇ ಪುಸ್ತಕ ಒಳಗಿಡಬೇಡಿ. ಎಲ್ಲರೂ ಕೂತಿರುವಾಗ ಅದೇ ಪುಟ ಬಿಡಿಸಿ, "ಈ ಚಿತ್ರದಲ್ಲಿ ಯಾರು ಇಲ್ಲ?" ಅಂತ ಕೇಳಿ. ಮಕ್ಕಳು ಹೇಳುತ್ತವೆ.

---

ಚಿತ್ರ ಬರೆಯುವವಳು, ಚಿಕ್ಕಮಗಳೂರು

ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತೇನೆ. ಈ ಚಿತ್ರಗಳು ಹೇಗೆ ಹುಟ್ಟುತ್ತವೆ ಅಂತ ಹೇಳಿದರೆ ನಿಮಗೆ ಆರಿಸುವುದಕ್ಕೆ ಅನುಕೂಲ ಆಗಬಹುದು.

ಕಡಿಮೆ ಬೆಲೆಯ ಪುಸ್ತಕಗಳಿಗೆ ಪುಟಕ್ಕೆ ಇಷ್ಟು ಅಂತ ಕೊಡುತ್ತಾರೆ, ಎರಡು ಮೂರು ದಿನ ಟೈಮು. ಹಾಗಾಗಿ ಹಳೇ ಚಿತ್ರಗಳನ್ನೇ ಎತ್ತಿ ಹಾಕುವುದು ಜಾಸ್ತಿ. "ರೈತ" ಅಂದರೆ ರುಮಾಲು, ನೇಗಿಲು, ಎರಡು ಎತ್ತು. ಬರೆಯುವವರು ಯೋಚನೆ ಮಾಡುವುದಿಲ್ಲ, ಕೈ ತಾನಾಗಿ ಹೋಗುತ್ತದೆ. ನನ್ನ ಕೈಯೂ ಹೋಗಿದೆ. ಒಂದು ಸಲ ಕಾಫಿ ತೋಟದ ಪುಸ್ತಕಕ್ಕೆ ಬರೆಯುವಾಗ ಮೊದಲ ಪುಟದಲ್ಲೇ ಟೋಪಿ ಹಾಕಿದ ಗಂಡಸನ್ನು ಬರೆದು ಕೂತಿದ್ದೆ. ಡಿಸೆಂಬರ್ ತಿಂಗಳು. ಕಿಟಕಿಯಿಂದ ಆಚೆ ನೋಡಿದರೆ ಪಕ್ಕದ ತೋಟದಲ್ಲಿ ಹಣ್ಣು ಕೊಯ್ಲು. ಸೊಂಟಕ್ಕೆ ಚೀಲ ಕಟ್ಟಿಕೊಂಡು, ರೆಂಬೆ ಬಗ್ಗಿಸಿ, ಎಲೆ ಉದುರದ ಹಾಗೆ ಬರೀ ಕೆಂಪು ಹಣ್ಣು ಬಿಡಿಸುತ್ತಿದ್ದವರೆಲ್ಲ ಹೆಂಗಸರು. ಸಂಜೆ ಅಳತೆ ಹೊತ್ತಿಗೆ ಅವರ ಬೆರಳೆಲ್ಲ ಅಂಟು, ಕಪ್ಪು. ಆ ಪುಟ ಹರಿದು ಮತ್ತೆ ಬರೆದೆ. ಮೊದಲ ಪುಟದಲ್ಲಿ ಈಗ ಆ ಕೈಗಳಿವೆ.

ಪುಸ್ತಕ ಆರಿಸುವಾಗ ಹೆಣ್ಣು ಎಷ್ಟು ಗಂಡು ಎಷ್ಟು ಅಂತ ಎಣಿಸಿದರೆ ಸಾಲದು. ಯಾರ ಕೈಯಲ್ಲಿ ಏನಿದೆ ನೋಡಿ. ಯಾರು ಓಡುತ್ತಿದ್ದಾರೆ, ಯಾರು ನಿಂತು ನೋಡುತ್ತಿದ್ದಾರೆ? ಗಾಡಿ ಕೆಟ್ಟರೆ ಕೈ ಹಚ್ಚುವವರು ಯಾರು, ಅಳುವವರು ಯಾರು? ಹುಡುಗ ಅಳುವ ಚಿತ್ರ ಒಂದಾದರೂ ಇದೆಯಾ? ಪ್ರಾಣಿಗಳ ಕಣ್ಣು ನೋಡಿ. ಸುಮ್ನೆ ಎರಡು ಚುಕ್ಕಿ ಇಟ್ಟರೆ ಅದು ಗಂಡು ಅಂತ ಲೆಕ್ಕ. ಹೆಣ್ಣು ಅಂತ ತೋರಿಸಬೇಕಾದರೆ ಉದ್ದ ರೆಪ್ಪೆ, ತಲೆಗೊಂದು ರಿಬ್ಬನ್. ಹೆಣ್ಣು ಮೊಲಕ್ಕೆ ಯಾಕೆ ರಿಬ್ಬನ್ ಬೇಕು?

ಇನ್ನೊಂದು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅಂತ ಇದೆ, 2015ರಲ್ಲಿ ಶುರುವಾದದ್ದು. ಕನ್ನಡದಲ್ಲೂ ಬೇಕಾದಷ್ಟು ಚಿತ್ರಪುಸ್ತಕ ಉಚಿತವಾಗಿ ಸಿಗುತ್ತವೆ. ಇಳಿಸಿಕೊಂಡು ಪ್ರಿಂಟ್ ಹಾಕಿಸಬಹುದು. ಅಲ್ಲಿನ ಚಿತ್ರ ತೆಗೆದುಕೊಂಡು, ಬರೆದವರ ಹೆಸರು ಹಾಕಿ, ನಿಮ್ಮದೇ ಕಥೆ ಕಟ್ಟುವುದಕ್ಕೂ ಅನುಮತಿ ಇದೆ. ಅಲ್ಲೂ ಆರಿಸಿಯೇ ತೆಗೆದುಕೊಳ್ಳಿ, ಆದರೆ ಕಡಿಮೆ ದುಡ್ಡಿನಲ್ಲಿ ಅರ್ಧ ಕಪಾಟು ತುಂಬುತ್ತದೆ.

---

ಬೇಲೂರಿನಿಂದ

ಪ್ರಾಣಿ ಅಂದಿರಲ್ಲ, ಅದಕ್ಕೊಂದು ಮಾತು. ಕನ್ನಡದಲ್ಲಿ ಆನೆ "ಬಂತು", ಕರಡಿ "ಹೋಯ್ತು". ಗಂಡು ಹೆಣ್ಣು ಅನ್ನುವುದೇ ಇಲ್ಲ. ಇಂಗ್ಲಿಷಿನಿಂದ ಬಂದ ಕಥೆಗಳಲ್ಲಿ ಮಾತ್ರ ಕರಡಿ "ಹೋದನು" ಆಗುತ್ತದೆ. ನಮ್ಮ ಕಥೆಗಳಲ್ಲೂ ದೊಡ್ಡದಕ್ಕೆಲ್ಲ ಅಣ್ಣ: ಆನೆಯಣ್ಣ, ಕರಡಿಯಣ್ಣ. ಪುಟ್ಟ ಗುಬ್ಬಿ ಮಾತ್ರ ಗುಬ್ಬಕ್ಕ.

ನಮ್ಮ ಕಡೆ ಮಕ್ಕಳಿಗೆ ಆನೆ ಗೊತ್ತು. ಹಿಂಡು ನಡೆಸುವುದು ಹೆಣ್ಣಾನೆ. ಅದಕ್ಕೇ ಅರಣ್ಯ ಇಲಾಖೆಯವರು ರೇಡಿಯೋ ಕಾಲರ್ ಹಾಕುವುದು ಅದಕ್ಕೆ; ಅದು ಎಲ್ಲಿದೆಯೋ ಹಿಂಡು ಅಲ್ಲಿದೆ. ಬೀಟಮ್ಮ ಅನ್ನುವ ಹೆಣ್ಣಾನೆಯ ಗುಂಪು ಬಂದಿದೆ ಅಂದರೆ ಬೇಲೂರು, ಚಿಕ್ಕಮಗಳೂರು ಕಡೆ ಎಲ್ಲರೂ ಬಾಗಿಲು ಹಾಕಿಕೊಳ್ಳುತ್ತಾರೆ. ಬೀಟಮ್ಮ ಅನ್ನುವ ಹೆಸರು ಮಕ್ಕಳ ಬಾಯಲ್ಲೇ ಇದೆ. ಮುಂದೆ ಆನೆ ಕಥೆ ಓದುವಾಗ ಮುಂದೆ ಹೋಗುವ ಆನೆಯನ್ನು ಆನೆಯಮ್ಮ ಅನ್ನಿ. ಸುಳ್ಳು ಹೇಳಿದ ಹಾಗೂ ಆಗುವುದಿಲ್ಲ.

ಮತ್ತೆ, ಮಕ್ಕಳನ್ನು ಬೇಲೂರಿಗೆ ಕರೆದುಕೊಂಡು ಬಂದರೆ ಕನ್ನಡಿ ಹಿಡಿದ ಶಿಲಾಬಾಲಿಕೆ ಒಂದನ್ನೇ ತೋರಿಸಿ ಕಳಿಸಬೇಡಿ. ಬಿಲ್ಲು ಹಿಡಿದು ಬೇಟೆಗೆ ನಿಂತವಳೂ ಇದ್ದಾಳೆ, ವಾದ್ಯ ಬಾರಿಸುವವಳೂ ಇದ್ದಾಳೆ. ಕತ್ತು ಎತ್ತಿ ನೋಡಬೇಕು ಅಷ್ಟೇ.

---

ಲೈಬ್ರರಿ ಅಕ್ಕ, ಆಲೂರು ಕಡೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹದಿನೈದು ದಿನ ಬಿಟ್ಟು ಬರೆಯುತ್ತಿದ್ದೇನೆ, ಏನಾಯಿತು ಅಂತ ಹೇಳುವುದಕ್ಕೆ.

ಮೇಷ್ಟ್ರು ಹೇಳಿದ ಹಾಗೆ ಹಳೇ ಪುಸ್ತಕ ತೆಗೆಯಲಿಲ್ಲ. ಅದೇ ಪುಟ ಬಿಡಿಸಿಟ್ಟು "ಯಾರು ಇಲ್ಲ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದವು. ಆಮೇಲೆ ಒಬ್ಬಳು "ಅಮ್ಮನ ಮುಖ ಇಲ್ಲ" ಅಂದಳು. ನಾನು ಏನೂ ಹೇಳಿಕೊಟ್ಟಿರಲಿಲ್ಲ. ಬಿಳಿ ಹಾಳೆ ಕೊಟ್ಟೆ. ಆ ಅಮ್ಮ ನಮ್ಮ ಕಡೆ ತಿರುಗಿದರೆ ಹೇಗಿರುತ್ತಾರೆ ಬರೆಯಿರಿ ಅಂದೆ. ಒಂದರಲ್ಲಿ ಅಮ್ಮ ಬೆವರು ಒರೆಸಿಕೊಳ್ಳುತ್ತಿದ್ದಾರೆ. ಇನ್ನೊಂದರಲ್ಲಿ ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಮೊಬೈಲು, ಪಕ್ಕದಲ್ಲಿ "ಸಂಘದ ಮೀಟಿಂಗು" ಅಂತ ಬರೆದಿದೆ.

ಗೋಡೆ ಚಾರ್ಟ್ ಪಕ್ಕದಲ್ಲಿ ಇನ್ನೊಂದು ದೊಡ್ಡ ಹಾಳೆ ಅಂಟಿಸಿದೆವು. "ನಮ್ಮೂರಲ್ಲಿ ಸಹಾಯ ಮಾಡುವವರು". ಮಕ್ಕಳೇ ಹೋಗಿ ಕೇಳಿಕೊಂಡು ಬಂದು ಬರೆದರು. ಟಪಾಲಿನ ಹುಡುಗಿ, ಆಶಾ ಕಾರ್ಯಕರ್ತೆ, ಬಿಸಿಯೂಟದವರು. ನಮ್ಮ ಹಾಸನದವರೇ ಆದ ವಕೀಲೆ, ಲೇಖಕಿ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ಪೇಪರಿನಿಂದ ಅವರ ಫೋಟೋ ಕತ್ತರಿಸಿ ಒಬ್ಬ ಹುಡುಗ ತಂದ. "ಇವರು ನಮ್ಮೂರಿನವರಲ್ಲ, ಆದರೆ ಹಾಸನ ಹತ್ತಿರ ತಾನೇ" ಅಂತ ಅವನೇ ತೀರ್ಮಾನ ಮಾಡಿ ಅಂಟಿಸಿದ.

ಆ ಹುಡುಗಿ ತನ್ನ ಸಾಲುಗಳನ್ನು ಮತ್ತೆ ಬರೆದಳು. ನಾನು ಹೇಳಲಿಲ್ಲ, ಅವಳೇ ಪುಸ್ತಕ ಕೇಳಿ ತೆಗೆದುಕೊಂಡು ಹೋಗಿ ಮೂಲೆಯಲ್ಲಿ ಕೂತಳು. "ಅಮ್ಮ ಗಾಡಿ ಓಡಿಸುತ್ತಾರೆ. ಮಳೆ ಬಂದರೆ ಏರಿನಲ್ಲಿ ಗಾಡಿ ಜಾರುತ್ತದೆ. ಅಮ್ಮ ಹೆದರುವುದಿಲ್ಲ. ತಮ್ಮ ಮುಂದಿನ ಸೀಟಿನಲ್ಲಿ ಕೂರಬೇಕು ಅಂತ ಅಳುತ್ತಾನೆ." ಗಾಡಿಯ ಚಿತ್ರದಲ್ಲಿ ನಂಬರ್ ಪ್ಲೇಟು ಕೂಡ ಬಿಟ್ಟಿಲ್ಲ.

ಹೊಸ ಪುಸ್ತಕಗಳ ಪಟ್ಟಿ ಇನ್ನೂ ಮುಗಿದಿಲ್ಲ. ಚಿಕ್ಕಮಗಳೂರಿನ ಮೇಡಂ ಹೇಳಿದ ಪ್ರಶ್ನೆಗಳನ್ನು ಹಾಳೆಯಲ್ಲಿ ಬರೆದುಕೊಂಡು ಹಾಸನದ ಅಂಗಡಿಗೆ ಹೋಗಿದ್ದೆ. ಎರಡು ಗಂಟೆ ನಿಂತು ಒಂಬತ್ತೇ ಪುಸ್ತಕ ಆರಿಸಿದೆ. ಹುಡುಗ ಅಳುವ ಚಿತ್ರ ಒಂದರಲ್ಲೂ ಸಿಗಲಿಲ್ಲ. ಯಾರಿಗಾದರೂ ಗೊತ್ತಿದ್ದರೆ ಹೆಸರು ಕಳಿಸಿ.

ಅದು ಯಾಕೆ ಬೇಕು ಅಂದರೆ, ನಿನ್ನೆ ಎರಡನೇ ಕ್ಲಾಸಿನ ಒಬ್ಬ ಹುಡುಗ ಎಲ್ಲರೂ ಹೋಗುವವರೆಗೆ ಕಾದಿದ್ದು ಹತ್ತಿರ ಬಂದ. "ಅಕ್ಕ, ನಮ್ಮಪ್ಪ ಮನೇಲಿ ಪಾತ್ರೆ ತೊಳೀತಾರೆ. ಯಾರಿಗೂ ಹೇಳ್ಬೇಡ ಅಂದಿದಾರೆ. ಬರೀಬಹುದಾ?" ಅಂತ ಕೇಳಿದ. ಬರಿ ಅಂದೆ. ಬರೆದ. ಅಪ್ಪನ ಮುಖ ನಮ್ಮ ಕಡೆಗೇ ಇದೆ. ಯಾರ ಅಪ್ಪ ಅಂತ ಮಾತ್ರ ಬರೆದಿಲ್ಲ.